ನರಿ ತಿರುಗಿಸಿದ ರಿಲೇ ತಿರುಪು

ಜಲಪಾತದಿಂದ ಕರೆಂಟು ತೆಗೆಯುತ್ತಿದ್ದ ಒಂದು ಕಾಡಿನಲ್ಲಿ ಪುಕ್ಕವ್ವ ಎಂಬ ಕಾಡುಕೋಳಿ ಇದ್ದಳು. ಅವಳ ಮೊಟ್ಟೆಗಳು ಟ್ರಾನ್ಸ್‌ಫಾರ್ಮರಿನ ಪಕ್ಕದ ಕಾವುಮನೆಯಲ್ಲಿ, ಬಲ್ಬಿನ ಬಿಸಿಯಲ್ಲಿದ್ದವು. ಇಂದೋ ನಾಳೆಯೋ ಮರಿಗಳು ಹೊರಬರಬೇಕು. ಪುಕ್ಕವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆಯಿತ್ತು. ಅದೇ ರಿಲೇ. ವೋಲ್ಟೇಜು ಗುರುತು ದಾಟಿ ಏರಿದರೆ ಅದು ಸ್ವಲ್ಪ ಕಾದು ನೋಡಿ, ‘ಒಂದು ಟ್ಯಾಪ್ ಇಳಿಸು’, ಅಂದರೆ ವೋಲ್ಟೇಜನ್ನು ಒಂದು ಮೆಟ್ಟಿಲು ಇಳಿಸು, ಎಂದು ಯಂತ್ರಕ್ಕೆ ಹೇಳುತ್ತಿತ್ತು. ಕುಸಿದರೆ ‘ಏರಿಸು’ ಎನ್ನುತ್ತಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಜಾಣಪ್ಪ ನರಿಯದು. ಅವನ ಗುಹೆ ತಂತಿಯ ಕಟ್ಟಕಡೆಗಿತ್ತು. ಆನೆ ದೊಡ್ಡಯ್ಯನ ಕಬ್ಬಿನ ಗಾಣ ತಿರುಗಿದಾಗಲೆಲ್ಲ ಅಲ್ಲಿ ದೀಪ ಮಂಕಾಗುತ್ತಿತ್ತು. ನರಿ ಸುಮ್ಮನಿರುವ ಆಸಾಮಿಯೇ? ಯಾರಿಗೂ ಹೇಳದೆ, ರಿಲೇಯ ಗುರುತನ್ನು ನಿಗದಿ ಮಾಡುವ ತಿರುಪನ್ನು ಮೇಲಕ್ಕೆ ತಿರುಗಿಸಿಬಿಟ್ಟ. ಗುಹೆ ಝಗಝಗ ಎಂದಿತು.

ಇತ್ತ ಕಾವುಮನೆ ಕಾದ ಹೆಂಚಾಯಿತು. ಮೊಟ್ಟೆಗೆ ಕೊಕ್ಕು ತಾಗಿಸಿದ ಪುಕ್ಕವ್ವ ಹೌಹಾರಿದಳು. ಬಲ್ಬು ಆರಿಸಿ, ಮೊಟ್ಟೆಗಳನ್ನು ಹುಲ್ಲಿಗೆ ಉರುಳಿಸಿ, ರೆಕ್ಕೆಯಡಿ ಸೇರಿಸಿಕೊಂಡು ಕೂಗಿಯೇ ಕೂಗಿದಳು. ಕಾಡೆಲ್ಲ ಓಡಿಬಂತು.

“ನರಿಯಣ್ಣ, ನಿಮ್ಮ ರಿಲೇ ಸರಿ ಇಲ್ಲ. ನನ್ನ ಮಕ್ಕಳು ಬೆಂದೇ ಹೋಗ್ತಿದ್ವು.”

“ಸರಿ ಇಲ್ವಾ? ಎಲ್ಲರೆದುರೇ ಪರೀಕ್ಷೆ ಮಾಡ್ತೀನಿ, ನೋಡಿ” ಎಂದ ನರಿ. ಒಂದು ಗುಂಡಿ ಒತ್ತಿದ. ಯಂತ್ರ ಗರ್ರ್ ಎಂದು ಟ್ಯಾಪ್ ಇಳಿಸಿತು. ಇನ್ನೊಂದು ಒತ್ತಿದ. ಏರಿಸಿತು. ಎಲ್ಲರೂ ತಲೆದೂಗಿದರು.

ಪುಕ್ಕವ್ವ ಬಿಡಲಿಲ್ಲ. “ನೀವು ಒತ್ತಿದ್ರಿ, ಯಂತ್ರ ತಿರುಗಿತು. ಅದರಲ್ಲಿ ರಿಲೇ ಮಾಡಿದ್ದೇನು? ಕೈ ತೆಗೀರಿ. ಆನೆ ಮಾವ, ನಿಮ್ಮ ಗಾಣ ನಿಲ್ಲಿಸಿ. ವೋಲ್ಟೇಜು ಏರಲಿ. ಆಗ ರಿಲೇ ತಾನಾಗೇ ಇಳಿಸುತ್ತಾ ನೋಡೋಣ.”

ನರಿಯ ಮುಖ ಹುಳ್ಳಗಾಯಿತು. “ಗಾಣ ನಿಲ್ಲಿಸೋದು ಬೇಡ, ಕಬ್ಬಿನ ರಸ ಹುಳಿ ಬರುತ್ತೆ” ಎಂದು ತೊದಲಿದ.

ಆನೆ ಕೇಳಲಿಲ್ಲ. ಗಾಣ ನಿಂತಿತು. ಮೀಟರಿನ ಮುಳ್ಳು ಏರಿತು, ಮತ್ತೂ ಏರಿತು. ರಿಲೇ ಮಾತ್ರ ಮಿಸುಕಲಿಲ್ಲ. ಕರೆಂಟು ಎಳೆಯಲು ಈಗ ಗಾಣವಿಲ್ಲ. ಏರಿದ ವೋಲ್ಟೇಜು ತಂತಿಯ ತುದಿಯವರೆಗೂ ನುಗ್ಗಿತು. ದೂರದ ಗುಹೆಯಲ್ಲಿ ‘ಢಂ’ ಎಂದು ಸದ್ದಾಯಿತು. ನರಿ ಬಿದ್ದಂಬೀಳ ಓಡಿದ. ಬಲ್ಬು ಚೂರುಚೂರಾಗಿತ್ತು, ಹೊಸ ಫ್ಯಾನು ಸುಟ್ಟು ಕರಕಲಾಗಿತ್ತು.

ಇಲ್ಲಿ ಗುಂಪಿನಲ್ಲಿದ್ದ ಕರಡಿಯೊಬ್ಬ ತಿರುಪು ಮೇಲಕ್ಕೆ ತಿರುಗಿದ್ದನ್ನು ಕಂಡು ಅದನ್ನು ಹಳೆಯ ಗುರುತಿಗೆ ತಂದ. ಗಾಣ ಶುರುವಾಯಿತು, ಮತ್ತೆ ನಿಂತಿತು. ಮುಳ್ಳು ಏರಿತು. ರಿಲೇ ಕಾಯಿತು, ಪುಕ್ಕವ್ವನೂ ಕಾದಳು. ಟಿಕ್. ಯಾರೂ ಮುಟ್ಟದೆ ಯಂತ್ರ ಗರ್ರ್ ಎಂದಿತು, ಮುಳ್ಳು ಗುರುತಿಗೆ ಇಳಿಯಿತು. ಪುಕ್ಕವ್ವ ಕುಣಿದಾಡಿಬಿಟ್ಟಳು. ಮೊಟ್ಟೆಗಳು ಕಾವುಮನೆಗೆ ಮರಳಿದವು. ಸಂಜೆಯೊಳಗೆ ಒಂದೊಂದೇ ಮರಿ ಚಿಂವ್ ಎಂದು ಹೊರಬಂತು.

ಮಸಿ ಮೆತ್ತಿದ ಮುಖ ಹೊತ್ತು ನರಿ ಬಂದ. “ನನ್ನ ದೀಪ ಮಂಕಾಗಿತ್ತು, ಅದಕ್ಕೇ ತಿರುಗಿಸಿದೆ.”

“ಒಂದು ಮಾತು ಹೇಳಿದ್ರೆ ನಿನ್ನ ಗುಹೆಗೆ ದಪ್ಪ ತಂತಿ ಎಳೆದು ಕೊಡ್ತಿದ್ವಲ್ಲೋ” ಎಂದ ಆನೆ.

ಅಂದಿನಿಂದ ರಿಲೇ ಪೆಟ್ಟಿಗೆಯ ಬೀಗದ ಕೈ ಪುಕ್ಕವ್ವನ ಬಳಿ ಉಳಿಯಿತು.

ನೀತಿ: ಎಲ್ಲರಿಗಾಗಿ ಇಟ್ಟ ಅಳತೆಯನ್ನು ಕದ್ದು ತನ್ನ ಕಡೆಗೆ ತಿರುಗಿಸಿಕೊಂಡವನಿಗೆ ಅದೇ ತಿರುಗುಬಾಣವಾಗುತ್ತದೆ.