ಬಾಗಿಲು ತೆರೆದಿತ್ತು, ಅವಳೇಕೆ ಓಡಲಿಲ್ಲ?

“ಕೇಳ್ರಪ್ಪೋ ಕೇಳ್ರಿ. ದೊರೆಮಗಳು ಗೌರಾಂಬೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನು ಬೇಡಿದ್ದನ್ನು ಕೊಡುತ್ತಾಳೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಉರುಳುತ್ತದೆ” ಎಂದು ಕರಿಗಲ್ಲುದುರ್ಗದ ಬೀದಿಬೀದಿಯಲ್ಲಿ ಡಂಗುರ ಹೊಡೆದರು.

ಇದೇನು ಹುಚ್ಚು ಅಂತೀರಾ? ಕಾರಣ ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ ಅಷ್ಟೆ. ಅವಳು ಕೂಸಾಗಿದ್ದಾಗ ವೈರಿಗಳು ಕೋಟೆಗೆ ಮುತ್ತಿಗೆ ಹಾಕಿದ್ದರು. ಕಣಜ ಬರಿದಾಯಿತು. ಜನ ಕಳ್ಳಬಾಗಿಲಿನಿಂದ ನುಸುಳಿ ಓಡಿದರು. ಜ್ವರ ಹತ್ತಿದ ಕೂಸನ್ನು ಎತ್ತಿಕೊಂಡು ಹೋಗುವಂತಿರಲಿಲ್ಲ, ರಾಣಿ ಉಳಿದಳು. ತನ್ನ ಪಾಲಿನ ಗಂಜಿಯನ್ನೂ ಮಗಳಿಗೇ ಕುಡಿಸಿ ಹಸಿದು ಸತ್ತಳು. ‘ಅವ್ವನನ್ನು ನಾನೇ ತಿಂದೆ’ ಅನ್ನುವುದು ಗೌರಾಂಬೆಯ ಎದೆಯಲ್ಲಿ ಕೂತುಬಿಟ್ಟಿತು. ಕಿಟಕಿಯಾಚೆ ಮುಳ್ಳುಗಿಡದಲ್ಲಿ ಗೂಡು ಕಟ್ಟಿದ ಜೇಡಗಳನ್ನು ನೋಡುತ್ತಲೇ ಅವಳು ಬೆಳೆದಳು. ಒಗಟುಗಳೂ ಅಲ್ಲಿಂದಲೇ ಬಂದವು. ದೊರೆಯೂ ಮಗಳಿಗೆ ಎದುರಾಡಲಿಲ್ಲ.

ಮೊದಲು ದಳವಾಯಿಯ ಮಗ ಮೀಸೆ ತಿರುವಿಕೊಂಡು ಬಂದ. “ಕಣ್ಣು ಎಂಟಿದ್ದರೂ ಕಾಲಿನಿಂದಲೇ ಲೋಕ ತಿಳಿಯುವವಳು ಯಾರು?” ಎಂದಳು ಗೌರಾಂಬೆ. “ನವಿಲು” ಅಂದ. ನವಿಲಂತೆ, ಅವನ ತಲೆ. ಅವನನ್ನು ಸೆರೆಮನೆಗೆ ನೂಕಿದರು.

ಆಮೇಲೆ ಬಂದ ಪಕ್ಕದ ಸೀಮೆಯ ಅರಸುಕುಮಾರ ಅದು ಜೇಡ ಎಂದು ಬಿಡಿಸಿದ. “ಕಟ್ಟಿದ ಮನೆಯನ್ನು ತಾನೇ ತಿಂದು, ತಿಂದದ್ದರಿಂದಲೇ ಮತ್ತೆ ಮನೆ ಕಟ್ಟುವವಳು ಯಾರು?” ಎಂದದ್ದಕ್ಕೆ “ಗೆದ್ದಲು” ಅಂದು ಅವನೂ ಸೆರೆ ಸೇರಿದ.

ಕೋಟೆಯ ಹೊರಗೆ ಬೊಮ್ಮಣ್ಣ, ತಿಪ್ಪೇಶ ಅಂತ ಅಣ್ಣತಮ್ಮಂದಿರಿದ್ದರು. ಜೇಡರ ಬಲೆಗಳನ್ನು ಕ್ಯಾಮೆರಾದಲ್ಲಿ ಹತ್ತಿರದಿಂದ ಹಿಡಿದು, ಆ ಚಿತ್ರಗಳನ್ನು ಸೀರೆಯಂಚಿನ ಮಾದರಿಗೆಂದು ನೇಕಾರರಿಗೆ ಮಾರುತ್ತಿದ್ದರು. ಪಾಳೆಗಾರರ ಕಾಲದಲ್ಲಿ ಕ್ಯಾಮೆರಾ ಎಲ್ಲಿತ್ತು ಅಂತ ನನ್ನನ್ನು ಕೇಳಬೇಡಿ, ಕತೆ ಹೇಳುತ್ತಿರುವವನು ನಾನು. ಇಬ್ಬನಿ ಆರುವ ಮೊದಲು ಬೊಮ್ಮಣ್ಣ ಕುರುಚಲು ಕಾಡಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಬಲೆ ಅಲುಗದಂತೆ ಉಸಿರು ಬಿಗಿಹಿಡಿಯುತ್ತಿದ್ದ. ತಿಪ್ಪೇಶ ಬಿಳಿ ಬಟ್ಟೆ ಹಿಡಿದು ಬಲೆಗೆ ಬಿಸಿಲು ಹಾಯಿಸುತ್ತಿದ್ದ.

ಬೊಮ್ಮಣ್ಣನೂ ಅರಮನೆಗೆ ಹೋದ. ಎರಡೂ ಒಗಟು ಬಿಡಿಸಿದ. ಮೂರನೆಯದನ್ನು ಕೇಳಿ, ಗೌರಾಂಬೆಯ ಮುಖ ನೋಡಿ, “ಗೊತ್ತಿಲ್ಲ” ಅಂದನಂತೆ. ಅವನನ್ನೂ ಸೆರೆಗೆ ನೂಕಿದರು. ಆ ಒಗಟು ಬಾಯಿಂದ ಬಾಯಿಗೆ ಹಬ್ಬಿ ತಿಪ್ಪೇಶನ ಕಿವಿಗೂ ಬಿತ್ತು, ಅವನಿಗೆ ದಿಕ್ಕೇ ತೋಚಲಿಲ್ಲ. ಅದರ ಉತ್ತರ ಅಣ್ಣನೇ ತೆಗೆದ ಚಿತ್ರದಲ್ಲಿ ಮನೆಯ ಪೆಟ್ಟಿಗೆಯಲ್ಲೇ ಇತ್ತು. ನಾಳೆ ಅಮಾವಾಸ್ಯೆ. ಚಿತ್ರವನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಅವನೂ ಹೊರಟ.

ಮೊದಲೆರಡಕ್ಕೆ ತಿಪ್ಪೇಶ ತಡವರಿಸಲಿಲ್ಲ. “ಎರಡಕ್ಕೂ ಜೇಡವೇ, ದೊರೆಸಾನಿ. ಬಲೆ ನಡುಗಿದ್ದು ಅದಕ್ಕೆ ಕಾಲಲ್ಲೇ ತಿಳಿಯುತ್ತದೆ. ಹಳೇ ಬಲೆಯನ್ನು ತಿಂದು ಹೊಸ ನೂಲು ತೆಗೆಯುತ್ತದೆ.”

ಗೌರಾಂಬೆಯ ದನಿ ಇಳಿಯಿತು. “ಮರಿಗಳು ತಾಯಿಯನ್ನೇ ತಿಂದವು. ಬಾಗಿಲು ತೆರೆದಿತ್ತು, ಕಾಲು ಗಟ್ಟಿಯಿತ್ತು. ಅವಳೇಕೆ ಓಡಲಿಲ್ಲ?”

ತಿಪ್ಪೇಶ ಚಿತ್ರವನ್ನು ಬಿಚ್ಚಿ ಮುಂದಿಟ್ಟ. “ನೋಡಿ, ಮೊಟ್ಟೆಗಳ ಚೀಲ ಇನ್ನೂ ಒಡೆದಿಲ್ಲ. ಆದರೆ ಈ ತಾಯಿಜೇಡದ ಒಡಲು ಒಳಗೊಳಗೇ ಆಗಲೇ ಕರಗುವುದಕ್ಕೆ ಶುರುವಾಗಿದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ. ಮರಿಗಳು ಕೇಳುವ ಮೊದಲೇ ಇವಳು ಅವುಗಳ ಊಟವಾಗಿದ್ದಳು. ಓಡುವ ಯೋಚನೆಯೇ ಇರಲಿಲ್ಲ.”

“ಹಾಗಾದರೆ ಅವಳಿಗೆ ಗೊತ್ತಿತ್ತು.”

“ಗೊತ್ತಿತ್ತು, ದೊರೆಸಾನಿ.”

ಅವ್ವ ತಿಳಿಯದೆ ಸತ್ತಿರಬಹುದು, ಓಡಲಾಗದೆ ಸತ್ತಿರಬಹುದು ಅನ್ನುವ ಒಂದು ಆಸೆ ಅವಳಿಗಿತ್ತು. ಅದೂ ಹೋಯಿತು. “ಸರಿಯಾಗಿ ಹೇಳಿದೆ. ಏನು ಬೇಕು?” ಎಂದಳು.

“ಸೆರೆಯಲ್ಲಿರುವವರನ್ನೆಲ್ಲ ಬಿಡಿ.”

ಬಿಟ್ಟರು. ಸೆರೆಮನೆ ಬಾಗಿಲಲ್ಲಿ ತಿಪ್ಪೇಶ ಅಣ್ಣನನ್ನು ತಬ್ಬಿಕೊಳ್ಳಲು ಹೋದ. ಬೊಮ್ಮಣ್ಣ ಹಿಂದೆ ಸರಿದ.

“ಹೇಳಿಬಿಟ್ಟೆಯೇನೋ?”

“ಹೇಳದಿದ್ದರೆ ನಿನ್ನ ತಲೆ ಹೋಗುತ್ತಿತ್ತಲ್ಲಣ್ಣ.”

“ಹೋಗುತ್ತಿತ್ತು. ಆ ಹುಡುಗಿಯ ಮುಖ ನೋಡಿ ನನಗೆ ಬಾಯಿ ಬರಲಿಲ್ಲ ಕಣೋ. ಆಯಿತು, ಆಮೇಲೆ ಆ ಮರಿಗಳು ಏನಾದವು ಅಂತಲಾದರೂ ಹೇಳಿದೆಯಾ?”

“ಇಲ್ಲ.”

“ಅರ್ಧಕ್ಕೆ ಬಿಟ್ಟು ಬಂದೆಯಲ್ಲೋ, ಪಾಪಿ.”

ತಿಪ್ಪೇಶ ಮತ್ತೆ ಅರಮನೆಗೆ ಓಡಿದ. ಗೌರಾಂಬೆಯ ಮುಂದೆ ಬಡಿಸಿದ ಎಲೆ ಹಾಗೇ ಇತ್ತು. ಇನ್ನು ತುತ್ತು ಮುಟ್ಟುವುದಿಲ್ಲ ಅಂದಿದ್ದಳು. ದಾದಿ ಮೂಲೆಯಲ್ಲಿ ಅಳುತ್ತಿದ್ದಳು.

“ದೊರೆಸಾನಿ, ಒಂದು ಮಾತು ಉಳಿದಿತ್ತು. ಆ ಮರಿಗಳು ಬದುಕಿದವು. ಉಣ್ಣದೆ ಸತ್ತಿದ್ದರೆ ಅವಳು ಕೊಟ್ಟದ್ದೆಲ್ಲ ಮಣ್ಣುಪಾಲಾಗುತ್ತಿತ್ತು” ಎಂದ ತಿಪ್ಪೇಶ.

ಅವಳು ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಳುತ್ತಲೇ ಉಂಡಳು.

ಒಗಟು ಒಡ್ಡುವುದು ಅಲ್ಲಿಗೆ ನಿಂತಿತು. ಗೌರಾಂಬೆ ಹಣ್ಣುಹಣ್ಣು ಮುದುಕಿಯಾಗುವವರೆಗೆ ಬಾಳಿದಳು. ಅವಳು ನಕ್ಕದ್ದನ್ನು ಕಂಡವರಿಲ್ಲ. ಆದರೆ ಎಲೆಯಲ್ಲಿ ಒಂದು ಅಗುಳನ್ನೂ ಅವಳು ಬಿಡುತ್ತಿರಲಿಲ್ಲ.