ಓಬಳಣ್ಣನ ಒಂದೇ ಮದ್ದು

ಬನ್ನಿ ಮಕ್ಕಳೇ, ಕೂತ್ಕೊಳ್ಳಿ. ಮೊದಲೇ ಹೇಳಿಬಿಡುತ್ತೇನೆ, ಇದು ನಗಿಸುವ ಕತೆಯಲ್ಲ. ಬಿದಿರುಕಾಡಿನ ನಡುವೆ ಒಂದು ಕೆರೆ. ಅದರ ದಂಡೆಯ ಹಳೇ ಹುತ್ತದಲ್ಲಿ ಓಬಳಣ್ಣ ಎಂಬ ಮುಂಗುಸಿ ಹೆಂಡತಿ ದ್ಯಾಮಕ್ಕನ ಜೊತೆ ಸಂಸಾರ ಮಾಡಿಕೊಂಡಿದ್ದ. ಕಾಡಿಗೆಲ್ಲ ಅವನೇ ವೈದ್ಯ.

ವೈದ್ಯ ಅನ್ನಿಸಿಕೊಂಡದ್ದು ಹೇಗೆ ಅಂತೀರಾ? ಒಂದು ಮೊಲಕ್ಕೆ ಮೈತುಂಬ ಹುಳುಕಡ್ಡಿ ಹತ್ತಿತ್ತು. ಓಬಳಣ್ಣ ತಗಚೆ ಸೊಪ್ಪು ಅರೆದು ಹಚ್ಚಿದ, ವಾಸಿಯಾಯಿತು. ಆಮೇಲೆ ಮುಸುವ ಕೋತಿಗಳಿಗೆಲ್ಲ ನೆಗಡಿ ಬಂತು. ಅದೇ ಸೊಪ್ಪನ್ನು ನೀರಲ್ಲಿ ಕದಡಿ ಕುಡಿಸಿದ, ವಾರದಲ್ಲಿ ನೆಗಡಿ ಹೋಯಿತು. ಏನೂ ಕುಡಿಯದಿದ್ದರೂ ನೆಗಡಿ ವಾರಕ್ಕೆ ಹೋಗುತ್ತದೆ, ಆದರೆ ಅವನಿಗೆ ಅದನ್ನು ಹೇಳುವವರು ಯಾರು? ಹೊಗಳಿಕೆ ತಲೆಗೇರಿತು. "ನೂರು ರೋಗಕ್ಕೆ ಒಂದೇ ಸೊಪ್ಪು!" ಎಂದು ಮೀಸೆ ತೀಡಿಕೊಂಡು ಓಡಾಡತೊಡಗಿದ.

ಆ ಕಾಡಿನಲ್ಲೊಂದು ಪದ್ಧತಿಯಿತ್ತು. ವೈದ್ಯ ಯಾರಿಗೆ ಮದ್ದು ಕೊಟ್ಟರೂ ಮೊದಲ ಗುಟುಕನ್ನು ಅವನ ಮನೆಯವರು ಕುಡಿದು ತೋರಿಸಬೇಕು. ದ್ಯಾಮಕ್ಕ ಬೇಲದ ಚಿಪ್ಪಿನಿಂದ ಒಂದು ಗುಟುಕು ಕುಡಿದು, "ನೋಡಿ, ನಾನು ಗಟ್ಟಿಮುಟ್ಟಾಗಿಲ್ವಾ? ಹೆದರ್ಬೇಡಿ" ಅನ್ನುತ್ತಿದ್ದಳು. ಅವಳು ನಕ್ಕರೆ ಎಂಥ ಅಳುಬುರುಕ ಮರಿಯೂ ಬಾಯಿ ತೆರೆಯುತ್ತಿತ್ತು.

ಆ ವರ್ಷ ಮಳೆ ಜೋರಾಗಿ ಹೊಡೆಯಿತು. ಕೆರೆ ಕೆಂಪಗೆ ತುಂಬಿತು. ನಾಲ್ಕೇ ದಿನದಲ್ಲಿ ಜಿಂಕೆಗಳಿಗೆ ಭೇದಿ ಶುರುವಾಯಿತು, ಆಮೇಲೆ ಮೊಲಗಳಿಗೆ, ಆಮೇಲೆ ಮುಸುವಗಳಿಗೆ. ಓಬಳಣ್ಣ ಕೆರೆ ನೀರಿನಲ್ಲೇ ಸೊಪ್ಪು ಕದಡಿ, ಒಂದೇ ಚಿಪ್ಪಿನಲ್ಲಿ ಎಲ್ಲರಿಗೂ ಕೊಡಲು ನಿಂತ.

ಅಷ್ಟರಲ್ಲಿ ಬೋರಜ್ಜ ಎಂಬ ಮುದಿ ಆಮೆ ತೆವಳುತ್ತಾ ಬಂದ.

"ಓಬಳಾ, ನಿಲ್ಲಿಸಪ್ಪಾ. ಮೊಲದ ಚರ್ಮಕ್ಕೆ ಹತ್ತಿದ್ದು ಬೂಷ್ಟಿನ ಜಾತಿ, ಅದಕ್ಕೆ ನಿನ್ನ ಸೊಪ್ಪು ನಾಟಿತು. ಮುಸುವಗಳ ಮೂಗಿಗೆ ಬಂದದ್ದು ವೈರಸ್ಸು, ಸೀನಿದರೆ ಹಾರಿ ಬರೋದು. ಅದು ತಾನಾಗಿ ಬಂತು, ತಾನಾಗಿ ಹೋಯ್ತು. ಇದು ಬ್ಯಾಕ್ಟೀರಿಯಾ ಕಣಪ್ಪಾ, ನೀರಲ್ಲೇ ಕೂತಿದೆ. ಒಂದೊಂದರ ಕುಲ ಬೇರೆ, ಬರೋ ದಾರಿ ಬೇರೆ."

"ಕಣ್ಣಿಗೇ ಕಾಣದ್ದಕ್ಕೆ ಕುಲ ಬೇರೆಯಾ? ನೀನು ಕಂಡಿದ್ದೀಯಾ ಅಜ್ಜ?"

"ಅದನ್ನ ಕಂಡಿಲ್ಲ. ಮಲಗಿದವರನ್ನ ಕಂಡಿದ್ದೀನಿ. ರೋಗಿಗಳ ಹೊಲಸೆಲ್ಲ ಮಳೇಲಿ ತೊಳೆದು ಕೆರೆಗೆ ಇಳೀತಿದೆ. ಆ ನೀರು ಕುಡಿದವರೇ ಮಲಗಿದಾರೆ. ಬಂಡೆ ಮೇಲಿನ ಒರತೆ ನೀರು ಕುಡಿಯೋ ಮುಳ್ಳುಹಂದಿಗಳಲ್ಲಿ ಒಂದೂ ಮಲಗಿಲ್ಲ. ಎಲ್ಲರನ್ನೂ ಒರತೆಗೆ ಕಳಿಸು."

ಓಬಳಣ್ಣನಿಗೆ ಅಜ್ಜ ಹೇಳಿದ್ದು ನಿಜ ಅಂತ ಒಳಗೊಳಗೇ ಅನ್ನಿಸಿತು. ಆದರೆ ಇಡೀ ಕಾಡು ಸುತ್ತ ನಿಂತು ಅವನ ಬಾಯನ್ನೇ ನೋಡುತ್ತಿತ್ತು. ಈಗ ತಪ್ಪು ಒಪ್ಪಿಕೊಂಡರೆ ಮರ್ಯಾದೆ ಉಳಿದೀತೇ?

"ಹೋಗಜ್ಜ! ಕೆರೆ ನೀರಿಗೆ ಏನಾಗಿದೆ? ತಾತ ಮುತ್ತಾತ ಕುಡಿದ ನೀರು! ಇವಳೇ, ಕುಡಿದು ತೋರಿಸು."

ದ್ಯಾಮಕ್ಕ ಗಂಡನ ಹತ್ತಿರ ಸರಿದು, "ಅಜ್ಜ ಸುಳ್ಳು ಹೇಳೋರಲ್ಲ ಕಣ್ರೀ" ಎಂದು ಮೆಲ್ಲಗೆ ಅಂದಳು.

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ಪಾಪ, ಆ ಒಂದು ಮಾತಿಗೆ ಅವಳು ಕುಡಿದಳು. ಇಪ್ಪತ್ತು ರೋಗಿಗಳು, ಇಪ್ಪತ್ತು ಗುಟುಕು.

ಮೂರನೆಯ ದಿನ ಬೆಳಿಗ್ಗೆ ದ್ಯಾಮಕ್ಕ ಏಳಲಾರದೆ ಹೋದಳು. ಕಣ್ಣು ಗುಳಿಬಿದ್ದಿತ್ತು, ನಾಲಗೆ ಒಣಗಿತ್ತು. ಓಬಳಣ್ಣ ಒರತೆಗೆ ಓಡಿದ. ಈಗ ಓಡಿದ, ನೋಡಿ! ಬಾಯಲ್ಲಿ ನೀರು ತುಂಬಿಕೊಂಡು ಬಂದು ಅವಳ ತುಟಿಗೆ ಬಿಟ್ಟ. ಅದು ಒಳಗೆ ಇಳಿಯಲಿಲ್ಲ, ಪಕ್ಕಕ್ಕೆ ಸುರಿದುಹೋಯಿತು.

"ಅಜ್ಜ ಹೇಳಿದಾಗ..." ಅವಳು ಉಸಿರು ಎಳೆದುಕೊಂಡಳು. "ನಿಮಗೂ ನಿಜ ಅನ್ನಿಸ್ತಾ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಅನ್ನಿಸ್ತು ಕಣೇ."

ದ್ಯಾಮಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅವಳ ಜೀವ ಹೋಯಿತು. ಅಯ್ಯೋ, ಆ ಮುಖ ಮತ್ತೆ ಅವನ ಕಡೆ ತಿರುಗಲೇ ಇಲ್ಲ.

ಓಬಳಣ್ಣ ಎದೆ ಬಡಿದುಕೊಂಡು ಹುತ್ತದಿಂದ ಹೊರಗೆ ಬಂದ. ಹೊರಗೆ ಜಿಂಕೆಗಳೂ ಮುಸುವಗಳೂ ಕಾಯುತ್ತಿದ್ದವು.

"ಕೆರೆ ನೀರು ಮುಟ್ಟಬೇಡ್ರಪ್ಪೋ! ನಾನು ಹೇಳಿದ್ದು ತಪ್ಪು! ಒರತೆಗೆ ಹೋಗಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಅವು ಒಂದರ ಮುಖ ಒಂದು ನೋಡಿಕೊಂಡವು. "ಪಾಪ, ಹೆಂಡತಿ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ" ಅಂದಿತು ಒಂದು ಮುಸುವ.

"ಹೌದಕ್ಕ, ಕೆರೆ ನೀರಿಗೆ ಏನಾಗಿದೆ ಅಂತ ಮೊನ್ನೆ ಅಜ್ಜನಿಗೆ ಬೈದೋನು ಇವನೇ ಅಲ್ವಾ?" ಅಂದಳು ತಾಯಿ ಜಿಂಕೆ. ಬಾಯಾರಿ ಬಳಲಿದ್ದ ತನ್ನ ಮರಿಯನ್ನು ಮೂತಿಯಿಂದ ತಳ್ಳಿಕೊಂಡು ಕೆರೆಗೆ ಇಳಿದಳು. ಓಬಳಣ್ಣ ಅಡ್ಡ ಬಿದ್ದ, ಕೂಗಿದ, ಅತ್ತ. ಅವನನ್ನು ದಾಟಿಕೊಂಡು ಒಬ್ಬೊಬ್ಬರಾಗಿ ಎಲ್ಲರೂ ನೀರಿಗೆ ಬಾಯಿ ಹಾಕಿದರು.

ನೀತಿ: ರೋಗಾಣುಗಳೆಲ್ಲ ಒಂದೇ ಜಾತಿಯಲ್ಲ, ಎಲ್ಲಕ್ಕೂ ಒಂದೇ ಮದ್ದಿಲ್ಲ, ತಪ್ಪೆಂದು ತಿಳಿದ ಗಳಿಗೆಯಲ್ಲೇ ಒಪ್ಪಿಕೊಳ್ಳದವನ ಸತ್ಯವನ್ನು ಆಮೇಲೆ ಯಾರೂ ನಂಬುವುದಿಲ್ಲ.