ಪೊಟರೆಗಾಗಿ ಕುಣಿದವರು

ಗೂಡು ಕಳೆದುಕೊಂಡ ಜೇನಿನ ಹಿಂಡು ಹೊಂಗೆಯ ಕೊಂಬೆಗೆ ಜೋತುಬಿದ್ದಿತ್ತು. ಹೊಸ ಮನೆ ಆರಿಸುವಾಗ ಅವರಲ್ಲಿ ಯಜಮಾನರಿಲ್ಲ. ರಾಣಿಯೂ ಅಪ್ಪಣೆ ಕೊಡುವಂತಿಲ್ಲ. ಜಾಗ ಕಂಡವಳು ಬಂದು ಕುಣಿಯಬೇಕು. ಉಳಿದವರು ತಾವೇ ಹೋಗಿ, ಒಳಹೊಕ್ಕು ನೋಡಿ, ಒಪ್ಪಿದರೆ ಮಾತ್ರ ಕುಣಿಯಬೇಕು. ಹೆಚ್ಚು ಜನ ಯಾವುದಕ್ಕೆ ಕುಣಿದರೋ ಅದೇ ಮನೆ.

ಸುಬ್ಬಿ ಎಂಬವಳು ದೂರದ ಮಾವಿನ ಮರದ ಪೊಟರೆಗೆ ಕುಣಿದಳು. ಮೋಡ ಕವಿಯುತ್ತಿತ್ತು. ಮುದುಕಿ ಕೆಂಚಿ ಒಬ್ಬಳೇ ಅಷ್ಟು ದೂರ ಹೋಗಿ ಒಳಹೊಕ್ಕು ನೋಡಿದಳು. ಪೊಟರೆಯ ತಳದ ತುಂಬ ಕೆಂಪಿರುವೆಗಳು. ಅವಳು ತಿರುಗಿ ಬರುವಷ್ಟರಲ್ಲಿ ಕೊಂಬೆಯ ತುಂಬ ಅದೇ ಪೊಟರೆಯ ಕುಣಿತ.

"ನೀನು ನೋಡಿ ಬಂದೆಯೇನೇ?" ಎಂದು ಕೆಂಚಿ ಒಬ್ಬಳನ್ನು ತಡೆದು ಕೇಳಿದಳು.

"ನಾನ್ಯಾಕೆ ಹೋಗಲಿ? ಪಕ್ಕದವಳು ನೋಡಿದ್ದಾಳೆ."

ಪಕ್ಕದವಳು ತನ್ನ ಪಕ್ಕದವಳನ್ನು ತೋರಿಸಿದಳು. ಹೀಗೇ ಕೇಳುತ್ತ ಕೇಳುತ್ತ ಕೆಂಚಿ ಸುಬ್ಬಿಯ ಹತ್ತಿರವೇ ಬಂದಳು.

"ನಾನು ಬಾಗಿಲವರೆಗೆ ಮಾತ್ರ ಹೋಗಿದ್ದೆ, ಅಜ್ಜಿ," ಎಂದಳು ಸುಬ್ಬಿ. "ಸ್ವಲ್ಪ ಅನುಮಾನವಿತ್ತು. ಇಷ್ಟು ಜನ ಕುಣಿದ ಮೇಲೆ ಹೋಯಿತು."

ಒಳಗೆ ಇರುವೆಗಳಿವೆ ಎಂದು ಕೆಂಚಿ ಹೇಳಿದರೂ ಕುಣಿತ ನಿಲ್ಲಲಿಲ್ಲ. ಅವಳು ರಾಣಿಯ ಬಳಿಗೆ ಓಡಿದಳು. "ತಾಯಿ, ಅಲ್ಲಿ ಇರುವೆಗಳಿವೆ. ಬೇಡವೆಂದು ನೀವೊಂದು ಮಾತು ಹೇಳಿ."

"ಇದರಲ್ಲಿ ನನ್ನ ಮಾತು ನಡೆಯುವುದಿಲ್ಲ, ಕೆಂಚಿ. ನಮ್ಮ ಹೆಮ್ಮೆಯೇ ಅದಲ್ಲವೇ?"

ಹಿಂಡು ಮೇಲೆದ್ದಿತು. ಬೇಡವೆಂದು ಹೇಳುವ ಕುಣಿತ ಜೇನಿಗೆ ಗೊತ್ತಿಲ್ಲ. ಒಂಟಿಯಾಗಿ ಉಳಿದ ಜೇನು ಬದುಕುವುದೂ ಇಲ್ಲ. ಕೆಂಚಿ ಅವರ ಹಿಂದೆಯೇ ಹಾರಿದಳು. ಪೊಟರೆಯ ಒಳಗು ಗೊತ್ತಿದ್ದವಳು ಅವಳೊಬ್ಬಳೇ. ಎಲ್ಲರೂ ಹೊಕ್ಕ ಮೇಲೆ ಕೊನೆಯಲ್ಲಿ ಹೊಕ್ಕವಳೂ ಅವಳೇ.